ಮೊಹಮ್ಮದ್ ಮೊಸದ್ದೆಗ್: ತೈಲದ ನಾಡಿನ ಕಾನೂನು ಪಂಡಿತ

ಶೀತಲ ಸಮರವೆಂದರೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವಿನ ಪೈಪೋಟಿ ಎಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆ ಪೈಪೋಟಿಯ ಭಾರ ಬಿದ್ದದ್ದು ಮಾತ್ರ ಬಹುಮಟ್ಟಿಗೆ ಎರಡೂ ಬಣಗಳಿಗೆ ಸೇರದ ನಾಡುಗಳ ಮೇಲೆ. ಅವುಗಳಲ್ಲಿ ಇರಾನ್ ಮೊದಲ ಸಾಲಿನದು. ಆ ದೇಶದ ಪ್ರಧಾನಿಯಾಗಿದ್ದ ಡಾ. ಮೊಹಮ್ಮದ್ ಮೊಸದ್ದೆಗ್ ಅರಸನೂ ಕಾನೂನಿಗೆ ಅಧೀನನೆಂದು ಜೀವಮಾನವಿಡೀ ವಾದಿಸಿದವರು. ಕಾನೂನಿನ ಆಳ್ವಿಕೆಗೆ ಹೆಸರಾದ ಎರಡು ದೇಶಗಳು, ಬ್ರಿಟನ್ ಮತ್ತು ಅಮೆರಿಕ, ಗುಟ್ಟಾಗಿ ಕೈಜೋಡಿಸಿ ಅವರನ್ನು 1953ರಲ್ಲಿ ಪದಚ್ಯುತಗೊಳಿಸಿದವು. ಆ ಬಳಿಕ ಇಪ್ಪತ್ತೈದು ವರ್ಷ ಒಬ್ಬ ನಿರಂಕುಶ ದೊರೆಗೆ ಆಸರೆಯಾಗಿ ನಿಂತವು.

ಮೊಸದ್ದೆಗ್ ಹುಟ್ಟಿದ್ದು 1882ರಲ್ಲಿ, ತೆಹರಾನಿನ ಸಿರಿವಂತ ಮನೆತನದಲ್ಲಿ. ತಂದೆ ಅರಸರ ಹಣಕಾಸು ಇಲಾಖೆಯ ಹಿರಿಯ ಅಧಿಕಾರಿ. ತಾಯಿ ನಜ್ಮ್ ಅಲ್ ಸಲ್ತನೆ ಅಂದು ಆಳುತ್ತಿದ್ದ ಕಜಾರ್ ರಾಜವಂಶದ ಹೆಣ್ಣುಮಗಳು. ತಂದೆ ಕಾಲರಾ ತಗಲಿ ತೀರಿಕೊಂಡಾಗ ಹುಡುಗನಿಗೆ ಹತ್ತರ ಪ್ರಾಯ. ಅಂದಿನ ಪದ್ಧತಿಯಂತೆ, ಮೀಸೆ ಮೂಡುವ ವಯಸ್ಸಿನಲ್ಲೇ ಖೊರಾಸಾನ್ ಪ್ರಾಂತದ ಕಂದಾಯ ಲೆಕ್ಕಪತ್ರಗಳ ಮೇಲಧಿಕಾರ ಅವರಿಗೆ ಒದಗಿತು. ಅಂಥ ಹುದ್ದೆಯಲ್ಲಿ ಕುಳಿತವರು ಎರಡೂ ಕೈಗಳಿಂದ ಬಾಚಿಕೊಳ್ಳುತ್ತಿದ್ದ ಕಾಲದಲ್ಲಿ ಈ ತರುಣ ಲಂಚ ಮುಟ್ಟದವನೆಂದು ಹೆಸರು ಪಡೆದನು. ಮುಂದೆ ಒಮ್ಮೆ ಅಪಪ್ರಚಾರಕ್ಕೆ ಗುರಿಯಾಗಿ ಮನನೊಂದು ಮಲಗಿದ್ದ ಮಗನಿಗೆ, ಜನರಿಗಾಗಿ ಎಷ್ಟು ಕಷ್ಟ ಪಟ್ಟನೆಂಬುದರಿಂದಲೇ ಮನುಷ್ಯನ ತೂಕ ತಿಳಿಯುವುದೆಂದು ತಾಯಿ ಬುದ್ಧಿ ಹೇಳಿದರಂತೆ. ಆಕೆ ತೆಹರಾನಿನಲ್ಲಿ ಸ್ವಂತ ಹಣದಿಂದ ನಜ್ಮಿಯೆ ಎಂಬ ಆಸ್ಪತ್ರೆಯನ್ನೂ ಕಟ್ಟಿಸಿದವರು. ಈ ಆಸ್ಪತ್ರೆಯ ಹೆಸರು ಕಥೆಯ ಕೊನೆಯಲ್ಲಿ ಮತ್ತೆ ಬರುತ್ತದೆ.

1906ರಲ್ಲಿ ಇರಾನಿನ ಜನರು ಹೋರಾಟ ನಡೆಸಿ ಅರಸನಿಂದ ಸಂವಿಧಾನವನ್ನೂ ಮಜ್ಲಿಸ್ ಎಂಬ ಸಂಸತ್ತನ್ನೂ ಪಡೆದರು. ಏಷ್ಯಾ ಖಂಡದಲ್ಲಿ ಇಂಥ ಚಳವಳಿ ಅಂದಿಗೆ ಅಪರೂಪದ್ದು. ಮೊಸದ್ದೆಗ್ ಮೊದಲ ಮಜ್ಲಿಸಿಗೆ ಇಸ್ಫಹಾನಿನಿಂದ ಆಯ್ಕೆಯಾದರು. ಆದರೆ ಸದಸ್ಯರಿಗೆ ಮೂವತ್ತು ತುಂಬಿರಬೇಕೆಂಬ ನಿಯಮವಿದ್ದುದರಿಂದ ಒಳಗೆ ಕೂರಲಾಗಲಿಲ್ಲ. ಓದುವ ಹಂಬಲದಿಂದ ಮೊದಲು ಪ್ಯಾರಿಸಿಗೂ ಬಳಿಕ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ವಿಶ್ವವಿದ್ಯಾಲಯಕ್ಕೂ ಹೋದರು. ಇಸ್ಲಾಮೀ ಕಾನೂನಿನಲ್ಲಿ ಮರಣಶಾಸನದ ವಿಷಯವಾಗಿ ಪ್ರಬಂಧ ಬರೆದು 1914ರಲ್ಲಿ ಡಾಕ್ಟರೇಟ್ ಪಡೆದರು. ಯೂರೋಪಿನ ವಿಶ್ವವಿದ್ಯಾಲಯವೊಂದರಿಂದ ಕಾನೂನಿನಲ್ಲಿ ಆ ಪದವಿ ಗಳಿಸಿದ ಮೊದಲ ಇರಾನಿ ಅವರೇ. ಪಶ್ಚಿಮ ದೇಶಗಳ ಮೇಲೆ ದ್ವೇಷ ಕಟ್ಟಿಕೊಂಡು ಹೊರಟವರು ಅವರಲ್ಲ. ಯೂರೋಪು ತನ್ನ ಪ್ರಜೆಗಳಿಗಾಗಿ ರೂಪಿಸಿಕೊಂಡ ನ್ಯಾಯವನ್ನು ಅಲ್ಲಿಯೇ ಓದಿ ಕಲಿತು, ತನ್ನ ನಾಡಿನವರಿಗೂ ಅದೇ ಸಲ್ಲಬೇಕೆಂದು ಕೇಳಿದರು.

ಮುಂದಿನ ಹತ್ತು ವರ್ಷಗಳಲ್ಲಿ ಅವರು ಫಾರ್ಸ್ ಮತ್ತು ಅಜರ್ಬೈಜಾನ್ ಪ್ರಾಂತಗಳ ರಾಜ್ಯಪಾಲ, ಹಣಕಾಸು ಸಚಿವ, ವಿದೇಶಾಂಗ ಸಚಿವ ಹೀಗೆ ಹಲವು ಹುದ್ದೆಗಳನ್ನು ನಿರ್ವಹಿಸಿದರು. ಅಷ್ಟರಲ್ಲಿ ರೆಜಾ ಖಾನ್ ಎಂಬ ಸೇನಾನಿ, ಬ್ರಿಟಿಷ್ ಸೇನಾಧಿಕಾರಿಗಳ ಬೆಂಬಲದಿಂದ 1921ರಲ್ಲಿ ರಾಜಧಾನಿಯನ್ನು ಹಿಡಿದು ಕ್ರಮೇಣ ಪ್ರಧಾನಿಯೂ ಆದನು. 1925ರಲ್ಲಿ ಅವನನ್ನೇ ಷಾ ಎಂದು ಸಿಂಹಾಸನದ ಮೇಲೆ ಕೂರಿಸುವ ಮಸೂದೆ ಮಜ್ಲಿಸಿಗೆ ಬಂದಾಗ ಎದ್ದು ನಿಂತು ವಿರೋಧಿಸಿದ ಬೆರಳೆಣಿಕೆಯ ಸದಸ್ಯರಲ್ಲಿ ಮೊಸದ್ದೆಗ್ ಒಬ್ಬರು. ಅವರ ತರ್ಕ ಸರಳವಾಗಿತ್ತು. ಅರಸನೂ ತಾನೇ ಆಗಿ ಆಡಳಿತವನ್ನೂ ತಾನೇ ನಡೆಸಿದರೆ ಅದು ಸರ್ವಾಧಿಕಾರ. ಸಂವಿಧಾನದಂತೆ ಸುಮ್ಮನೆ ಸಿಂಹಾಸನದಲ್ಲಿ ಕುಳಿತರೆ ದೇಶ ಒಬ್ಬ ಸಮರ್ಥ ಪ್ರಧಾನಿಯನ್ನು ಕಳೆದುಕೊಂಡಂತೆ. ಮಸೂದೆ ನಿರಾಯಾಸವಾಗಿ ಅಂಗೀಕಾರವಾಯಿತು. ಕೆಲವು ವರ್ಷಗಳಲ್ಲಿ ಮೊಸದ್ದೆಗ್ ರಾಜಕೀಯದಿಂದ ಸರಿದು ಅಹ್ಮದಾಬಾದಿನ ತಮ್ಮ ಜಮೀನಿಗೆ ಹೋಗಿ ನೆಲೆಸಿದರು. ಇದು ಗುಜರಾತಿನ ನಗರವಲ್ಲ, ತೆಹರಾನಿನ ಪಶ್ಚಿಮಕ್ಕಿರುವ ಒಂದು ಹಳ್ಳಿ.

ಸುಮ್ಮನಿದ್ದವರನ್ನೂ ರೆಜಾ ಷಾ ಬಿಡಲಿಲ್ಲ. 1940ರಲ್ಲಿ ಕಾರಣ ಹೇಳದೆ ಅವರನ್ನು ಬಂಧಿಸಿ, ದೂರದ ಬಿರ್ಜಂದ್ ಕೋಟೆಯಲ್ಲಿರಿಸಲಾಯಿತು. ಈ ಬಂಧನವನ್ನು ಕಂಡ ಕಿರಿಯ ಮಗಳ ಮನಸ್ಸು ಕದಡಿಹೋಯಿತು. ಆಕೆ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಮುಂದಿನ ರಾಜಕೀಯ ಜಯಾಪಜಯಗಳೆಲ್ಲಕ್ಕಿಂತ ಈ ದುಃಖವೇ ಅವರನ್ನು ಹೆಚ್ಚು ಕಾಡಿದ್ದು. ಕೆಲವು ತಿಂಗಳುಗಳ ಬಳಿಕ ಬಿಡುಗಡೆಯಾದದ್ದು ಯುವರಾಜ ಮೊಹಮ್ಮದ್ ರೆಜಾನ ಮಧ್ಯಸ್ಥಿಕೆಯಿಂದ ಎಂಬುದು ವಿಧಿಯ ವಿಚಿತ್ರ. ಮರುವರ್ಷ, ಎರಡನೆಯ ಮಹಾಯುದ್ಧದ ನಡುವೆ, ಬ್ರಿಟನ್ ಮತ್ತು ಸೋವಿಯತ್ ಸೇನೆಗಳು ಇರಾನಿಗೆ ನುಗ್ಗಿ ತಂದೆಯನ್ನು ಗಡೀಪಾರು ಮಾಡಿದವು. ಇದೇ ಯುವರಾಜ ಷಾ ಆದನು.

ಇಲ್ಲಿ ತೈಲದ ವಿಷಯವನ್ನು ತುಸು ವಿವರವಾಗಿ ಹೇಳಬೇಕು. 1901ರಲ್ಲಿ ಅಂದಿನ ಷಾ ವಿಲಿಯಂ ಡಾರ್ಸಿ ಎಂಬ ಧನಿಕನಿಗೆ ದೇಶದ ಬಹುಭಾಗದಲ್ಲಿ ತೈಲ ಹುಡುಕಿ ಮಾರುವ ಹಕ್ಕನ್ನು 60 ವರ್ಷಗಳ ಅವಧಿಗೆ ಬರೆದುಕೊಟ್ಟಿದ್ದನು. ಪ್ರತಿಯಾಗಿ ಇರಾನಿಗೆ ದೊರೆಯಬೇಕಾದದ್ದು ನಿವ್ವಳ ಲಾಭದ ಶೇ. 16. 1908ರಲ್ಲಿ ಮಸ್ಜಿದ್ ಸುಲೇಮಾನ್ ಎಂಬಲ್ಲಿ ತೈಲ ಚಿಮ್ಮಿತು. ಮರುವರ್ಷ ಆಂಗ್ಲೋ ಪರ್ಷಿಯನ್ ತೈಲ ಕಂಪೆನಿ ಹುಟ್ಟಿತು. ಯುದ್ಧನೌಕೆಗಳನ್ನು ಕಲ್ಲಿದ್ದಲಿನಿಂದ ತೈಲಕ್ಕೆ ಬದಲಾಯಿಸುತ್ತಿದ್ದ ಬ್ರಿಟಿಷ್ ಸರಕಾರ 1914ರಲ್ಲಿ ಅದರ ಶೇ. 51ರಷ್ಟು ಪಾಲನ್ನು ಕೊಂಡಿತು. ಅಂದಿನಿಂದ ಅದು ಹೆಸರಿಗೆ ವ್ಯಾಪಾರಿ ಸಂಸ್ಥೆ, ಒಳಗೆ ಸಾಮ್ರಾಜ್ಯದ ಒಂದು ಅಂಗ. ಅಬಾದಾನಿನ ಅದರ ಶುದ್ಧೀಕರಣಾಗಾರ ಜಗತ್ತಿನಲ್ಲಿಯೇ ದೊಡ್ಡದಾಗಿ ಬೆಳೆಯಿತು. ಬ್ರಿಟಿಷ್ ಅಧಿಕಾರಿಗಳಿಗೆ ಹುಲ್ಲುಹಾಸಿನ ಬಂಗಲೆಗಳಿದ್ದವು, ಈಜುಕೊಳಗಳಿದ್ದವು. ಗುಮಾಸ್ತರಾಗಿಯೂ ಕುಶಲಕರ್ಮಿಗಳಾಗಿಯೂ ಭಾರತದಿಂದ ಹೋದ ಸಾವಿರಾರು ಮಂದಿ ನಡುವಿನ ಹಂತದಲ್ಲಿದ್ದರು. ಇರಾನಿ ಕೂಲಿಗಳು ಕಾಗದದೂರು ಎಂದು ಅಡ್ಡಹೆಸರು ಪಡೆದ ಜೋಪಡಿಗಳಲ್ಲಿ ಬದುಕುತ್ತಿದ್ದರು. ಕಂಪೆನಿಯ ಲೆಕ್ಕದ ಪುಸ್ತಕಗಳನ್ನು ನೋಡುವ ಅವಕಾಶವೇ ಇರಾನಿಗೆ ಇರಲಿಲ್ಲ. ರೆಜಾ ಷಾ 1933ರಲ್ಲಿ ಗುತ್ತಿಗೆಯನ್ನು ತಿದ್ದಿದನಾದರೂ ಅವಧಿ 1993ರವರೆಗೆ ಲಂಬಿಸಿತು. 1950ರ ಹೊತ್ತಿಗೆ ಇರಾನ್ ತನ್ನದೇ ತೈಲಕ್ಕೆ ಪಡೆಯುತ್ತಿದ್ದ ರಾಜಧನಕ್ಕಿಂತ ಬ್ರಿಟಿಷ್ ಖಜಾನೆ ಆ ಕಂಪೆನಿಯಿಂದ ಪಡೆಯುತ್ತಿದ್ದ ತೆರಿಗೆಯೇ ಹೆಚ್ಚಾಗಿತ್ತು. ಅದೇ ವರ್ಷದ ಕೊನೆಯಲ್ಲಿ ನೆರೆಯ ಸೌದಿ ಅರೇಬಿಯಕ್ಕೆ ಅಮೆರಿಕನ್ ಕಂಪೆನಿಗಳು ಅರ್ಧ ಲಾಭ ಕೊಡಲು ಒಪ್ಪಿದವು. ಬ್ರಿಟಿಷ್ ಕಂಪೆನಿ ಆಗಲೇ ಅಷ್ಟು ಔದಾರ್ಯ ತೋರಿದ್ದರೆ ಮುಂದಿನದೆಲ್ಲ ನಡೆಯುತ್ತಿರಲಿಲ್ಲವೇನೋ.

1944ರಲ್ಲಿ ತೆಹರಾನಿನಿಂದ ಅತಿ ಹೆಚ್ಚು ಮತಗಳೊಡನೆ ಮಜ್ಲಿಸಿಗೆ ಮರಳಿದ್ದ ಮೊಸದ್ದೆಗ್, 1949ರಲ್ಲಿ ಹಲವು ಗುಂಪುಗಳನ್ನು ಕೂಡಿಸಿ ರಾಷ್ಟ್ರೀಯ ರಂಗವನ್ನು ಕಟ್ಟಿದರು. 1951ರ ಮಾರ್ಚ್ ತಿಂಗಳಲ್ಲಿ ಸಂಸತ್ತಿನ ಎರಡೂ ಸದನಗಳು ತೈಲೋದ್ಯಮವನ್ನು ರಾಷ್ಟ್ರೀಕರಿಸಿದವು. ಏಪ್ರಿಲ್ ಕೊನೆಯಲ್ಲಿ ಅವರು ಪ್ರಧಾನಿಯಾದರು. ಆಗ ಅವರಿಗೆ ಅರುವತ್ತೊಂಬತ್ತು ಸಮೀಪಿಸಿತ್ತು. ದೇಹ ಸದಾ ಅಸ್ವಸ್ಥ. ಕಬ್ಬಿಣದ ಮಂಚದ ಮೇಲೆ ಪೈಜಾಮದಲ್ಲಿ ಮಲಗಿಯೇ ಸಚಿವರನ್ನೂ ವಿದೇಶೀ ರಾಯಭಾರಿಗಳನ್ನೂ ಕಾಣುತ್ತಿದ್ದರು. ಭಾಷಣ ಮಾಡುವಾಗ ಕಣ್ಣೀರಿಡುತ್ತಿದ್ದರು, ಒಮ್ಮೊಮ್ಮೆ ಕುಸಿದೂ ಬೀಳುತ್ತಿದ್ದರು. ಪಶ್ಚಿಮದ ಪತ್ರಿಕೆಗಳಿಗೆ ಇದು ನಗೆಪಾಟಲಾಯಿತು. ಸಂಬಳ ಪಡೆಯದೆ ದುಡಿದ, ಅಪ್ರಾಮಾಣಿಕನೆಂದು ವೈರಿಗಳೂ ಹೇಳಲಾಗದ ಈ ವೃದ್ಧರ ಮಾತಿನಲ್ಲಿದ್ದ ಕಾನೂನಿನ ಬಲ ಮಾತ್ರ ಆ ವ್ಯಂಗ್ಯಚಿತ್ರಗಳಲ್ಲಿ ಕಾಣಿಸಲಿಲ್ಲ.

ಬ್ರಿಟನ್ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದಿತು. 1951ರ ಅಕ್ಟೋಬರಿನಲ್ಲಿ ಮೊಸದ್ದೆಗ್ ಸ್ವತಃ ನ್ಯೂಯಾರ್ಕಿಗೆ ಹೋಗಿ ಉತ್ತರ ಕೊಟ್ಟರು. ಈ ಪ್ರಕರಣದಲ್ಲಿ ನಮ್ಮ ಕರಾವಳಿಯವರೊಬ್ಬರ ಹೆಸರೂ ಬರುತ್ತದೆ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ, ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು (ಬಿ. ಎನ್. ರಾವ್) ಆಗ ಮಂಡಳಿಯಲ್ಲಿ ಭಾರತದ ಪ್ರತಿನಿಧಿ. ಕಾಸರಗೋಡು ಆ ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದಿತು. ಬ್ರಿಟನ್ನಿನ ಕರಡು ನಿರ್ಣಯವನ್ನು ಮೆದುಗೊಳಿಸುವ ತಿದ್ದುಪಡಿಗಳನ್ನು ಭಾರತವು ಯುಗೋಸ್ಲಾವಿಯದೊಡನೆ ಸೇರಿ ಮುಂದಿಟ್ಟಿತು. ಕೊನೆಗೆ, ಅಂತಾರಾಷ್ಟ್ರೀಯ ನ್ಯಾಯಾಲಯ ತನಗೆ ಈ ವ್ಯಾಜ್ಯದ ಅಧಿಕಾರವಿದೆಯೇ ಎಂದು ತೀರ್ಮಾನಿಸುವವರೆಗೆ ಚರ್ಚೆಯನ್ನು ಮುಂದೂಡಲಾಯಿತು.

1952ರ ಜೂನಿನಲ್ಲಿ ಮೊಸದ್ದೆಗ್ ಹೇಗ್ ನಗರದ ಆ ನ್ಯಾಯಾಲಯದ ಮುಂದೆಯೂ ನಿಂತರು. 1933ರ ಒಪ್ಪಂದವು ಒಂದು ಸರಕಾರ ಮತ್ತು ಒಂದು ಕಂಪೆನಿಯ ನಡುವಣ ಕರಾರು. ಎರಡು ದೇಶಗಳ ನಡುವಿನ ಸಂಧಿಯಲ್ಲವಾದ್ದರಿಂದ ಅದು ಈ ನ್ಯಾಯಾಲಯದ ವ್ಯಾಪ್ತಿಗೆ ಬರದೆಂಬುದು ಇರಾನಿನ ವಾದ. ಜುಲೈ 22ರಂದು ನ್ಯಾಯಾಲಯವು 9-5ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಬ್ರಿಟನ್ನಿನವರೇ ಆದ ನ್ಯಾಯಾಧೀಶ ಆರ್ನಾಲ್ಡ್ ಮೆಕ್‌ನೇರ್ ತಮ್ಮ ದೇಶದ ವಿರುದ್ಧವಾಗಿ ಆ ಒಂಬತ್ತರಲ್ಲಿ ಸೇರಿದರು. ಅಷ್ಟರಲ್ಲಿ ಆ ನ್ಯಾಯಾಲಯಕ್ಕೆ ಆಯ್ಕೆಯಾಗಿದ್ದ ನರಸಿಂಗರಾಯರು, ಭದ್ರತಾ ಮಂಡಳಿಯಲ್ಲಿ ಇದೇ ವಿಷಯದ ಚರ್ಚೆಯಲ್ಲಿ ಪಾಲ್ಗೊಂಡವನು ತೀರ್ಪು ಕೊಡುವುದು ಸಲ್ಲದೆಂದು ನಿರ್ಣಯದಿಂದ ಹಿಂದೆ ಸರಿದಿದ್ದರು. ಇವರಿಬ್ಬರ ನಡತೆಯನ್ನು ಮುಂದೆ ಬರುವ ಸಂಗತಿಗಳೊಡನೆ ಇಟ್ಟು ನೋಡಬೇಕು.

ನ್ಯಾಯಾಲಯದಲ್ಲಿ ಗೆದ್ದರೂ ತೈಲ ಮಾರಾಟವಾಗಲಿಲ್ಲ. ಬ್ರಿಟಿಷ್ ತಂತ್ರಜ್ಞರು ದೇಶ ಬಿಟ್ಟಿದ್ದರು. ಇರಾನಿನ ತೈಲವನ್ನು ಕೊಂಡವರ ಹಡಗನ್ನು ಅಡ್ಡಗಟ್ಟುವುದಾಗಿ ಬ್ರಿಟನ್ ಸಾರಿತ್ತು. ರೋಸ್ ಮೇರಿ ಎಂಬ ಹಡಗನ್ನು ಏಡನ್ನಿನಲ್ಲಿ ಹಿಡಿದಿಟ್ಟೂ ತೋರಿಸಿತು. ಖಜಾನೆ ಬರಿದಾಯಿತು. ಯುದ್ಧ ಖಾತೆ ಯಾರ ಕೈಯಲ್ಲಿರಬೇಕೆಂಬ ವಿಷಯದಲ್ಲಿ ಷಾನೊಡನೆ ಮನಸ್ತಾಪವಾಗಿ 1952ರ ಜುಲೈಯಲ್ಲಿ ಮೊಸದ್ದೆಗ್ ರಾಜೀನಾಮೆ ಕೊಟ್ಟರು. ಜನರು ಬೀದಿಗಿಳಿದರು, ಸೈನ್ಯ ಗುಂಡು ಹಾರಿಸಿತು, ಹಲವರು ಸತ್ತರು. ಷಾ ಮಣಿದು ಅವರನ್ನೇ ಮತ್ತೆ ಕರೆಯಬೇಕಾಯಿತು. ಆ ದಿನ ಮಡಿದವರನ್ನು ಮೊಸದ್ದೆಗ್ ಸಾಯುವವರೆಗೂ ಮರೆಯಲಿಲ್ಲ.

ಅವರ ಲೋಪಗಳನ್ನು ಮುಚ್ಚಿಡಬೇಕಾಗಿಲ್ಲ. ಸಂಧಾನದಲ್ಲಿ ಪಟ್ಟು ಸಡಿಲಿಸುವ ಗುಣ ಅವರಲ್ಲಿ ಕಡಿಮೆ. ಮಜ್ಲಿಸಿನಿಂದ ವಿಶೇಷಾಧಿಕಾರ ಪಡೆದು, ಅದನ್ನು ಮತ್ತೊಂದು ವರ್ಷಕ್ಕೆ ವಿಸ್ತರಿಸಿಕೊಂಡದ್ದು ಜೊತೆಗಾರರನ್ನೇ ದೂರ ಮಾಡಿತು. 1953ರ ಆಗಸ್ಟಿನಲ್ಲಿ ಮಜ್ಲಿಸನ್ನು ವಿಸರ್ಜಿಸಲು ಜನಮತ ಸಂಗ್ರಹ ನಡೆಸಿದಾಗ, ಒಪ್ಪುವವರಿಗೂ ಒಪ್ಪದವರಿಗೂ ಬೇರೆಬೇರೆ ಮತಗಟ್ಟೆಗಳನ್ನಿರಿಸಿದ್ದರು. ಯಾರ ಮತ ಯಾವುದೆಂದು ಎಲ್ಲರಿಗೂ ಕಾಣುತ್ತಿತ್ತು. ಸಂವಿಧಾನದ ಪಂಡಿತರಿಂದ ಇಂಥದು ನಡೆಯಬಾರದಿತ್ತು. ಆದರೂ ಅವರ ಆಡಳಿತದಲ್ಲಿ ವಿರೋಧ ಪಕ್ಷದ ಪತ್ರಿಕೆಗಳು ಅವರನ್ನು ದಿನವೂ ಬಯ್ಯುತ್ತಲೇ ಇದ್ದವೆಂಬುದನ್ನೂ ಜೊತೆಗೆ ಹೇಳಬೇಕು.

ಆ ಪತ್ರಿಕೆಗಳಲ್ಲಿ ಕೆಲವಕ್ಕೆ ಹಣ ಬರುತ್ತಿದ್ದುದು ಹೊರಗಿನಿಂದ. 1952ರ ಅಕ್ಟೋಬರಿನಲ್ಲಿ ಇರಾನ್ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡದ್ದರಿಂದ ಬ್ರಿಟಿಷ್ ಗೂಢಚಾರರು ತೆಹರಾನ್ ಬಿಡಬೇಕಾಯಿತು. ಅವರು ಅಮೆರಿಕದ ನೆರವು ಬೇಡಿದರು. ಅಧ್ಯಕ್ಷ ಟ್ರೂಮನ್ ಸಂಧಾನದತ್ತ ಒಲಿದಿದ್ದವರು. 1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧಿಕಾರಕ್ಕೆ ಬಂದರು. ಅವರ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲ್ಲೆಸ್. ಗೂಢಚಾರ ಸಂಸ್ಥೆಯಾದ ಸಿಐಎಯ ಮುಖ್ಯಸ್ಥ ಅವರ ತಮ್ಮ ಅಲೆನ್ ಡಲ್ಲೆಸ್. ಇರಾನ್ ಕಮ್ಯುನಿಸ್ಟರ ಪಾಲಾಗುವುದೆಂಬ ಭಯವನ್ನು ಮುಂದಿಟ್ಟಾಗ ತೈಲದ ಮಾತು ಹಿಂದಾಯಿತು. ಕಮ್ಯುನಿಸ್ಟರ ತೂದೆ ಪಕ್ಷ ಅಲ್ಲಿ ಬಲವಾಗಿದ್ದುದು ನಿಜ. ಮೊಸದ್ದೆಗ್ ಕಮ್ಯುನಿಸ್ಟರಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. 1944ರಲ್ಲಿ ಸೋವಿಯತ್ ಒಕ್ಕೂಟ ಉತ್ತರ ಇರಾನಿನ ತೈಲ ಕೇಳಿದಾಗ ಅದನ್ನು ತಡೆಯುವ ಶಾಸನ ತಂದವರು ಅವರೇ.

ಸಿಐಎ ಈ ಕಾರ್ಯಾಚರಣೆಗೆ ಅಜಾಕ್ಸ್ ಎಂದು ಹೆಸರಿಟ್ಟಿತು. ಆರಂಭಕ್ಕೆ ಹತ್ತು ಲಕ್ಷ ಡಾಲರ್ ಮಂಜೂರಾಯಿತು. ಹಿಂದಿನ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಮೊಮ್ಮಗ ಕರ್ಮಿಟ್ ರೂಸ್‌ವೆಲ್ಟ್ ತೆಹರಾನಿಗೆ ಬಂದು ಕುಳಿತನು. ಪ್ರಧಾನಿಯ ಸ್ಥಾನಕ್ಕೆ ಆರಿಸಿದ ವ್ಯಕ್ತಿ ಜನರಲ್ ಫಜ್ಲೊಲ್ಲಾ ಜಾಹೆದಿ. ಯುದ್ಧಕಾಲದಲ್ಲಿ ಜರ್ಮನಿಯ ಪರವೆಂದು ಶಂಕಿಸಿ ಬ್ರಿಟಿಷರೇ ಬಂಧಿಸಿ ಗಡೀಪಾರು ಮಾಡಿದ್ದವನು. ಹಿಂಜರಿಯುತ್ತಿದ್ದ ಷಾನನ್ನು ಒಪ್ಪಿಸಿ, ಮೊಸದ್ದೆಗ್ ಅವರನ್ನು ವಜಾಗೊಳಿಸುವ ಫರ್ಮಾನಿಗೆ ಸಹಿ ಹಾಕಿಸಲಾಯಿತು. (ಫರ್ಮಾನು ಎಂಬ ಮಾತು ನಮ್ಮ ಕನ್ನಡಕ್ಕೂ ಪಾರ್ಸಿಯಿಂದಲೇ ಬಂದುದು.) ಆಗಸ್ಟ್ 15ರ ರಾತ್ರಿ ಕರ್ನಲ್ ನಸೀರಿ ಅದನ್ನು ಹಿಡಿದುಕೊಂಡು ಸೈನಿಕರೊಡನೆ ಪ್ರಧಾನಿಯ ಮನೆಗೆ ಬಂದನು. ಸುದ್ದಿ ಮೊದಲೇ ಸೋರಿತ್ತು, ಬಂದವನೇ ಬಂಧಿಯಾದನು. ಷಾ ಬಾಗ್ದಾದಿಗೂ ಅಲ್ಲಿಂದ ರೋಮಿಗೂ ಓಡಿದನು.

ಸಂಚು ಮುರಿಯಿತೆಂದೇ ಎಲ್ಲರೂ ತಿಳಿದರು. ರೂಸ್‌ವೆಲ್ಟ್ ಮಾತ್ರ ಊರು ಬಿಡಲಿಲ್ಲ. ಹಣ ಪಡೆದ ಗುಂಪುಗಳು ಕಮ್ಯುನಿಸ್ಟರ ಸೋಗಿನಲ್ಲಿ ಬೀದಿಗಳಲ್ಲಿ ದಾಂಧಲೆ ನಡೆಸಿದವು. ನಿಜವಾದ ಕಮ್ಯುನಿಸ್ಟರೂ ಜೊತೆಗೂಡಿದರು. ಆಗಸ್ಟ್ 18ರ ಸಂಜೆ ಅಮೆರಿಕದ ರಾಯಭಾರಿ ಹೆಂಡರ್ಸನ್ ಮೊಸದ್ದೆಗ್ ಅವರನ್ನು ಕಂಡು, ತಮ್ಮ ಪ್ರಜೆಗಳಿಗೆ ರಕ್ಷಣೆಯಿಲ್ಲವೆಂದು ದೂರಿದನು. ಮರ್ಯಾದಸ್ಥರಾದ ಪ್ರಧಾನಿ ಬೀದಿಗಳನ್ನು ತೆರವುಗೊಳಿಸುವಂತೆ ಪೊಲೀಸರಿಗೆ ಆಜ್ಞೆಯಿತ್ತರು; ಅವರ ಬೆಂಬಲಿಗರೂ ಮನೆ ಸೇರಿದರು. ಮರುದಿನ, 19ರಂದು, ಷಾನಿಗೆ ಜಯಕಾರ ಹಾಕುತ್ತ ಗರಡಿಮನೆಗಳ ಪೈಲ್ವಾನರನ್ನು ಮುಂದಿಟ್ಟುಕೊಂಡ ಮೆರವಣಿಗೆ ಹೊರಟಾಗ ಎದುರು ನಿಲ್ಲಲು ಯಾರೂ ಇರಲಿಲ್ಲ. ಸೈನಿಕರೂ ಟ್ಯಾಂಕುಗಳೂ ಸೇರಿಕೊಂಡವು. ಪ್ರಧಾನಿಯ ಮನೆಯ ಮೇಲೆ ಗಂಟೆಗಟ್ಟಲೆ ಗುಂಡಿನ ದಾಳಿ ನಡೆಯಿತು. ಆಪ್ತರು ವೃದ್ಧರನ್ನು ಗೋಡೆ ಹತ್ತಿಸಿ ನೆರೆಮನೆಗೆ ದಾಟಿಸಿದರು. ಅಂದು ತೆಹರಾನಿನಲ್ಲಿ ಸತ್ತವರು 200ರಿಂದ 300 ಮಂದಿ. ಮರುದಿನ ಮೊಸದ್ದೆಗ್ ತಾವಾಗಿ ಶರಣಾದರು.

ಸೇನಾ ನ್ಯಾಯಾಲಯದಲ್ಲಿ ಅವರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆಯಿತು. ಅವರ ಪರವಾಗಿ ಸೇನೆ ನೇಮಿಸಿದ ವಕೀಲ ಕರ್ನಲ್ ಬೊಜೊರ್ಗ್‌ಮೆಹರ್ ದಿನಕಳೆದಂತೆ ಅವರ ಅಭಿಮಾನಿಯೇ ಆಗಿ, ಕಲಾಪದ ದಾಖಲೆಗಳನ್ನು ಕಾಪಾಡಿಟ್ಟು ಮುಂದೆ ಪ್ರಕಟಿಸಿದನು. ಮೂರು ವರ್ಷಗಳ ಒಂಟಿ ಸೆರೆವಾಸದ ಶಿಕ್ಷೆಯಾಯಿತು. ವಿದೇಶಾಂಗ ಸಚಿವರಾಗಿದ್ದ ಹೊಸೇನ್ ಫಾತೆಮಿ ಅವರನ್ನು 1954ರ ನವೆಂಬರಿನಲ್ಲಿ ಗುಂಡಿಟ್ಟು ಕೊಂದರು.

ಇತ್ತ, ಹೊಸ ಸರಕಾರಕ್ಕೆ ಅಮೆರಿಕ ಕೂಡಲೇ 4.5 ಕೋಟಿ ಡಾಲರ್ ನೆರವಿತ್ತಿತು. 1954ರಲ್ಲಿ ತೈಲವನ್ನು ವಿದೇಶೀ ಕಂಪೆನಿಗಳ ಕೂಟವೊಂದಕ್ಕೆ ಒಪ್ಪಿಸಲಾಯಿತು: ಹಳೆಯ ಬ್ರಿಟಿಷ್ ಕಂಪೆನಿಗೆ ಶೇ. 40, ಅಮೆರಿಕನ್ ಕಂಪೆನಿಗಳಿಗೆ ಶೇ. 40, ಉಳಿದದ್ದು ಡಚ್ ಮತ್ತು ಫ್ರೆಂಚರಿಗೆ. ಇರಾನಿಗೆ ಅರ್ಧ ಲಾಭ ಸಿಕ್ಕಿತೆನ್ನುವುದು ಸತ್ಯ. ಮೊಸದ್ದೆಗ್ ಇಲ್ಲದಿದ್ದರೆ ಅದೂ ಸಿಗುತ್ತಿರಲಿಲ್ಲ. 1957ರಲ್ಲಿ ಸಿಐಎ ನೆರವಿನಿಂದ ಸವಾಕ್ ಎಂಬ ಗುಪ್ತ ಪೊಲೀಸ್ ಪಡೆ ಸ್ಥಾಪನೆಯಾಯಿತು. ಚಿತ್ರಹಿಂಸೆಗೆ ಕುಖ್ಯಾತವಾದ ಆ ಪಡೆಗೆ ಮುಂದೆ ಮುಖ್ಯಸ್ಥನಾದವನು ಅಂದಿನ ರಾತ್ರಿ ಫರ್ಮಾನು ತಂದ ನಸೀರಿಯೇ. 1975ರ ಹೊತ್ತಿಗೆ ದೇಶದಲ್ಲಿ ಷಾನ ಪಕ್ಷವೊಂದೇ ಉಳಿಯಿತು. ಸ್ವಾತಂತ್ರ್ಯದ ಹೆಸರಿನಲ್ಲಿ ಸೋವಿಯತ್ತನ್ನು ಎದುರಿಸುತ್ತಿದ್ದ ಅಮೆರಿಕ ಅವನಿಗೆ ಬೇಕಾದಷ್ಟು ಆಯುಧ ಮಾರಿತು. ಇರಾನಿನ ಯಶಸ್ಸಿನಿಂದ ಉತ್ತೇಜಿತವಾದ ಸಿಐಎ ಮರುವರ್ಷವೇ ಗ್ವಾಟೆಮಾಲದ ಚುನಾಯಿತ ಅಧ್ಯಕ್ಷ ಆರ್ಬೆಂಜ್ ಅವರನ್ನೂ ಇಳಿಸಿತ್ತು.

ಸೆರೆವಾಸ ಮುಗಿದ ಮೇಲೂ ಮೊಸದ್ದೆಗ್ ಬಿಡುಗಡೆ ಕಾಣಲಿಲ್ಲ. ಅಹ್ಮದಾಬಾದಿನ ಮನೆಯಲ್ಲಿ ಕಾವಲಿನ ನಡುವೆ ಕೊನೆಯ ಹತ್ತು ವರ್ಷ ಕಳೆದರು, ನೆನಪುಗಳನ್ನು ಬರೆದಿಟ್ಟರು. 1965ರಲ್ಲಿ ಪತ್ನಿ ತೀರಿಕೊಂಡರು. ಕ್ಯಾನ್ಸರ್ ತಗಲಿದಾಗ ಚಿಕಿತ್ಸೆಗೆ ಹೊರದೇಶಕ್ಕೆ ಹೋಗಲು ಅವರು ಒಪ್ಪಲಿಲ್ಲ. 1967ರ ಮಾರ್ಚ್ 5ರಂದು, ತಾಯಿ ಕಟ್ಟಿಸಿದ ನಜ್ಮಿಯೆ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. 1952ರ ಜುಲೈಯಲ್ಲಿ ಮಡಿದವರ ಬಳಿ ತಮ್ಮನ್ನು ಮಣ್ಣು ಮಾಡಬೇಕೆಂದು ಬಯಸಿದ್ದರು. ಷಾ ಸಮ್ಮತಿಸಲಿಲ್ಲ; ಸಾರ್ವಜನಿಕ ಶವಯಾತ್ರೆಯೂ ನಡೆಯಲಿಲ್ಲ. ಅಹ್ಮದಾಬಾದಿನ ಮನೆಯ ಊಟದ ಕೋಣೆಯ ನೆಲವನ್ನು ಅಗೆದು ಅಲ್ಲಿಯೇ ಸಮಾಧಿ ಮಾಡಿದರು.

1979ರ ಜನವರಿಯಲ್ಲಿ ಷಾ ದೇಶ ಬಿಟ್ಟು ಓಡಿದನು. ಆ ಮಾರ್ಚ್ 5ರಂದು ಲಕ್ಷಾಂತರ ಜನರು ಆ ಹಳ್ಳಿಗೆ ಬಂದು ಸೇರಿದರು. ನವೆಂಬರಿನಲ್ಲಿ ವಿದ್ಯಾರ್ಥಿಗಳು ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಗೆ ನುಗ್ಗಿದರು. 52 ಮಂದಿ ಅಮೆರಿಕನ್ನರು 444 ದಿನ ಒತ್ತೆಯಾಳುಗಳಾಗಿದ್ದರು. ಅಮೆರಿಕದ ಜನರಿಗೆ ಈ ಸಿಟ್ಟು ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ, ಏಕೆಂದರೆ 1953ರಲ್ಲಿ ತಮ್ಮ ಸರಕಾರ ಮಾಡಿದ್ದನ್ನು ಅವರಿಗೆ ಹೇಳಿದವರಿರಲಿಲ್ಲ. 2000ದಲ್ಲಿ ವಿದೇಶಾಂಗ ಕಾರ್ಯದರ್ಶಿ ಮ್ಯಾಡೆಲಿನ್ ಆಲ್‌ಬ್ರೈಟ್ ಆ ಕೃತ್ಯದಲ್ಲಿ ಅಮೆರಿಕದ ಪಾತ್ರವನ್ನು ಬಹಿರಂಗವಾಗಿ ಒಪ್ಪಿದರು. ಸಿಐಎ ತನ್ನದೇ ದಾಖಲೆಗಳಲ್ಲಿ ಅದನ್ನು ಒಪ್ಪಿದ ಪುಟಗಳು ಹೊರಬಂದದ್ದು 2013ರಲ್ಲಿ, ಅಂದರೆ ಅರುವತ್ತು ವರ್ಷಗಳ ಬಳಿಕ.

ಕ್ರಾಂತಿಯ ಮೊದಲ ಉತ್ಸಾಹದಲ್ಲಿ ತೆಹರಾನಿನ ಅತಿ ಉದ್ದದ ರಸ್ತೆಗೆ ಷಾ ಮನೆತನದ ಹೆಸರನ್ನು ಅಳಿಸಿ ಮೊಸದ್ದೆಗ್ ಹೆಸರಿಟ್ಟಿದ್ದರು. ಅರಸನ ಸ್ಥಾನದಲ್ಲಿ ಬಂದು ಕುಳಿತ ಧರ್ಮಗುರುಗಳಿಗೂ ಈ ಕಾನೂನು ಪಂಡಿತರು ರುಚಿಸಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಅದನ್ನೂ ತೆಗೆದು, ವಲಿಅಸ್ರ್ ಎಂದು ಬೇರೆ ಹೆಸರು ಬರೆಸಿದರು.